ಪಿಸುಮಾತಿಗಿಂತ ಮೆಲ್ಲಗೆ ಓಡುವ ಜನರೇಟರಿನ ಬಗ್ಗೆ ಒಂದು ಅಹವಾಲು

ಗೆ,
ಜನರೇಟರ್ ಪೆಟ್ಟಿಗೆಯ ಮೇಲಿನ ಒಕ್ಕಣೆಯನ್ನು ಬರೆಯುವ ಮಹನೀಯರಿಗೆ,
(ತಮ್ಮ ಹೆಸರು ತಿಳಿಯದು, ಪೆಟ್ಟಿಗೆಯ ಮೇಲೆ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಅಚ್ಚಾಗಿದೆ)

ವಿಷಯ: "ಪಿಸುಮಾತಿಗಿಂತ ಮೆಲ್ಲಗೆ" ಎಂಬ ತಮ್ಮ ಎರಡು ಪದಗಳು ನಮ್ಮ ಮನೆಯಲ್ಲಿ ಉಂಟುಮಾಡಿದ ಪರಿಣಾಮ.

ಮಾನ್ಯರೇ,

ತಾವು ಕ್ಷೇಮವೆಂದೂ, ತಮ್ಮ ಕಚೇರಿಯ ಕಿಟಕಿಗಳು ಸಂದಿಲ್ಲದಂತೆ ಮುಚ್ಚಿಕೊಳ್ಳುತ್ತವೆಂದೂ, ಕೆಳಗಿನ ಕಾರ್ಖಾನೆಯಲ್ಲಿ ಜನರೇಟರುಗಳನ್ನು ಓಡಿಸಿ ನೋಡುವ ಸದ್ದು ತಮ್ಮ ಬರವಣಿಗೆಗೆ ಒಂದಿಷ್ಟೂ ಅಡ್ಡಿಯಾಗುವುದಿಲ್ಲವೆಂದೂ ದೃಢವಾಗಿ ನಂಬಿ ಈ ಪತ್ರ ಬರೆಯುತ್ತಿದ್ದೇನೆ. ಅಡ್ಡಿಯಾಗಿದ್ದರೆ ಆ ಎರಡು ಪದಗಳನ್ನು ಬರೆಯಲು ತಮಗೆ ಧೈರ್ಯ ಬರುತ್ತಿರಲಿಲ್ಲ.

ಮೊದಲಿಗೆ ನನ್ನ ಪರಿಚಯ. ನಾನು ಕಿವಿ ಪರೀಕ್ಷೆ ಮಾಡುವವನು. ಆಸ್ಪತ್ರೆಯ ಎರಡನೆಯ ಮಹಡಿಯ ಮೂಲೆಯಲ್ಲಿ, ಗೋಡೆಗೆಲ್ಲ ದಪ್ಪ ಸ್ಪಂಜು ಹೊದಿಸಿದ ಒಂದು ಪುಟ್ಟ ಕೋಣೆಯಿದೆ. ಅದರೊಳಗೆ ಜನರನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಸಣ್ಣ ಸಣ್ಣ ಸದ್ದುಗಳನ್ನು ಕಳಿಸುತ್ತೇನೆ, ಕೇಳಿಸಿದವರು ಕೈ ಎತ್ತಬೇಕು. ಇಪ್ಪತ್ತೆರಡು ವರ್ಷಗಳಿಂದ ಊರವರ ಕೈಯನ್ನು ಹೀಗೆ ಎತ್ತಿಸುತ್ತ ಬಂದಿದ್ದೇನೆ. ಆದ್ದರಿಂದ ಪಿಸುಮಾತು ಎಂದರೆ ಸುಮಾರು ಮೂವತ್ತು ಡೆಸಿಬೆಲ್ ಎಂಬುದು ನನಗೆ ಗೊತ್ತು. ತಮ್ಮದೇ ಕೈಪಿಡಿಯ ಕೊನೆಯ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಐವತ್ತೆರಡು ಎಂದು ಬರೆದಿದೆ, ಅದೂ ಏಳು ಮೀಟರ್ ಆಚೆಯಿಂದ, ಯಂತ್ರಕ್ಕೆ ಕಾಲು ಭಾಗ ಕೆಲಸ ಕೊಟ್ಟಾಗ. ತಮ್ಮ ಮನೆಯಲ್ಲಿ ಪಿಸುಮಾತನ್ನು ಆ ಮಟ್ಟದಲ್ಲಿ ಆಡುವ ರೂಢಿಯಿದ್ದರೆ ದಯವಿಟ್ಟು ಕುಟುಂಬ ಸಮೇತ ನಮ್ಮ ಎರಡನೆಯ ಮಹಡಿಗೆ ಬನ್ನಿ, ಸರದಿ ಇಲ್ಲದೆ ಒಳಗೆ ಬಿಡುತ್ತೇನೆ.

ಇಷ್ಟೆಲ್ಲ ಗೊತ್ತಿದ್ದವನು ಅದನ್ನೇ ಯಾಕೆ ಕೊಂಡೆ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದೇ ಪ್ರಶ್ನೆಯನ್ನು ನನ್ನ ಹೆಂಡತಿ ತಮಗಿಂತ ಮೊದಲೇ, ತಮಗಿಂತ ಗಟ್ಟಿಯಾಗಿ ಕೇಳಿದ್ದಾಳೆ.

ನಮ್ಮ ಮಾವನವರು, ಅಂದರೆ ನನ್ನ ಹೆಂಡತಿಯ ತಂದೆ, ಮೂವತ್ತೈದು ವರ್ಷ ಹಿಟ್ಟಿನ ಗಿರಣಿಯಲ್ಲಿ ಎಂಜಿನ್ ನೋಡಿಕೊಂಡ ಮೆಕ್ಯಾನಿಕ್. ನಿವೃತ್ತರಾಗುವಾಗ ಗಿರಣಿಯವರು ಅವರಿಗೆ ಒಂದು ಗೋಡೆ ಗಡಿಯಾರ ಕೊಟ್ಟರು, ಅವರು ಗಿರಣಿಗೆ ಎರಡೂ ಕಿವಿ ಕೊಟ್ಟು ಬಂದರು. ಈಗ ಎದುರು ಕೂತು ಕೂಗಿದರೆ ಅರ್ಧ ತಿಳಿಯುತ್ತದೆ, ಉಳಿದರ್ಧಕ್ಕೆ ತಲೆಯಾಡಿಸುತ್ತಾರೆ. ಊರಿನ ಕಿವಿಗಳನ್ನೆಲ್ಲ ದುರಸ್ತಿಗೆ ಕಳಿಸುವ ಅಳಿಯನ ಮನೆಯಲ್ಲಿ ಹೀಗೆ ಒಬ್ಬರು ಟಿ.ವಿ.ಯನ್ನು ಬೀದಿಗೆಲ್ಲ ಕೇಳುವಂತೆ ಹಾಕಿಕೊಂಡು ಕೂತಿರುವುದು ನನ್ನ ವೃತ್ತಿಗೆ ಎಂಥ ಶೋಭೆ ಎಂದು ತಾವೇ ಊಹಿಸಿ.

ನಾಲ್ಕು ವರ್ಷದ ಕೆಳಗೆ ಅವರಿಗೆ ಒಂದು ಜೊತೆ ಕಿವಿ ಮಷೀನು ತಂದು, ಅಳತೆ ಹೊಂದಿಸಿ, ಬೆಳಿಗ್ಗೆ ಹತ್ತಕ್ಕೆ ನಾನೇ ಕೈಯಾರೆ ಹಾಕಿದೆ. ಹತ್ತೂ ಐದಕ್ಕೆ ಪಕ್ಕದ ಮನೆಯವರು ಬಚ್ಚಲಿನ ಕಲ್ಲು ಕತ್ತರಿಸಲು ಶುರು ಮಾಡಿದರು. ಹತ್ತೂ ಹನ್ನೊಂದಕ್ಕೆ ಮಾವ ಮಷೀನುಗಳನ್ನು ಕಿತ್ತು, ತುಕ್ಕು ಹಿಡಿದ ಬೀಗದ ಕೈಗಳಿರುವ ಡ್ರಾಯರಿಗೆ ಹಾಕಿ, ನೀವೆಲ್ಲ ದಿನಾ ಕೇಳಿಸಿಕೊಳ್ಳುವುದು ಇದನ್ನೇ ಆದರೆ ನೀವೇ ಇಟ್ಟುಕೊಳ್ಳಿ ಎಂದು ಡ್ರಾಯರ್ ಮುಚ್ಚಿದರು. ಆಮೇಲೆ ಜಪ್ಪಯ್ಯ ಎಂದರೂ ಅದನ್ನು ತೆರೆಯಲಿಲ್ಲ.

ಈ ವರ್ಷ, ಯಾವ ಗಾಳಿ ಬೀಸಿತೋ ಕಾಣೆ, ಅವರೇ ಬಂದು ಇನ್ನೊಂದೇ ಒಂದು ಸಲ ಹಾಕಿ ನೋಡುತ್ತೇನೆ ಎಂದರು. ಈ ಸಲವೂ ಹಿಡಿಸದಿದ್ದರೆ ಆ ಮಾತನ್ನೇ ಯಾರೂ ಎತ್ತಕೂಡದು ಎಂದೂ ಸೇರಿಸಿದರು. ಜೊತೆಗೆ ಒಂದು ಷರತ್ತು: ಪರಿಚಯದವರು ಒಬ್ಬರೂ ಇಲ್ಲದ ಜಾಗದಲ್ಲಿ ಆಗಬೇಕು. ಗಿರಣಿಯ ಹಳೆಯ ಗೆಳೆಯರ ಕಣ್ಣಿಗೆ ಬೀಳಲು ಅವರಿಗೆ ಸುತರಾಂ ಇಷ್ಟವಿರಲಿಲ್ಲ. ಆದ್ದರಿಂದ ಕಾರಿನ ಹಿಂದೆ ಎಳೆದುಕೊಂಡು ಹೋಗುವ, ಒಳಗೇ ಅಡುಗೆಗೂ ನಿದ್ದೆಗೂ ಜಾಗವಿರುವ ನಮ್ಮ ಟ್ರೇಲರ್‌ನಲ್ಲಿ, ನಾಲ್ಕು ಗಂಟೆ ದೂರದ ಒಂದು ಕೆರೆಯ ದಡಕ್ಕೆ ಕ್ಯಾಂಪಿಂಗ್ ಹೋಗುವುದೆಂದು ತೀರ್ಮಾನವಾಯಿತು.

ಇನ್ನು ಮುಂದಿನದನ್ನು ತಾವು ಸ್ವಲ್ಪ ಗಮನವಿಟ್ಟು ಓದಬೇಕು. ಅತ್ತೆಯವರಿಲ್ಲದೆ ಮಾವ ಎಲ್ಲಿಗೂ ಹೊರಡುವುದಿಲ್ಲ. ಎ.ಸಿ. ಇಲ್ಲದ ಟ್ರೇಲರ್‌ಗೆ, ಅದಕ್ಕೆ ಅವರು ಇಟ್ಟಿರುವ ಹೆಸರು 'ಡಬ್ಬಿ', ಅತ್ತೆ ಕಾಲಿಡುವುದಿಲ್ಲ. ಆ ಕೆರೆಯ ದಡದಲ್ಲಿ ಕರೆಂಟಿಲ್ಲ, ಹಾಗಾಗಿ ಜನರೇಟರ್ ಇಲ್ಲದೆ ಎ.ಸಿ. ಇಲ್ಲ. ಜನರೇಟರ್ ಇದ್ದರೆ ಸದ್ದುಂಟು, ಸದ್ದಿದ್ದರೆ ಮಾವ ಮಷೀನು ಕಿತ್ತು ಕೆರೆಗೆ ಎಸೆಯುತ್ತಾರೆ, ಹಾಕಿ ಮುಚ್ಚಲು ಅಲ್ಲಿ ಡ್ರಾಯರೂ ಇಲ್ಲ. ಈ ಸುಳಿಯ ಮಧ್ಯೆ ನಿಂತು ಪೆಟ್ಟಿಗೆಗಳ ಮೇಲಿನ ಬರಹ ಓದುತ್ತಿದ್ದವನ ಕಣ್ಣಿಗೆ "ಪಿಸುಮಾತಿಗಿಂತ ಮೆಲ್ಲಗೆ" ಎಂಬುದು ಬಿದ್ದರೆ ಅವನು ಏನಾಗಬೇಕು, ಮಾನ್ಯರೇ?

ಆದರೂ ನಾನು ಕಣ್ಣು ಮುಚ್ಚಿ ಕೊಂಡೆನೆಂದು ಭಾವಿಸಬೇಡಿ. ಕಣ್ಣು ಮುಚ್ಚಿಕೊಂಡವರು ನಮ್ಮ ಮನೆಯ ಉಳಿದವರು. ಅಂಗಡಿಯ ಯಜಮಾನರು ಬಲು ಸಾವಧಾನದ ಮನುಷ್ಯ. ಮೂರು ಜನರೇಟರುಗಳನ್ನು ಅಂಗಡಿಯ ಹಿತ್ತಲಿನಲ್ಲಿ ಇಟ್ಟು ತೋರಿಸಿದರು: ಒಂದು ದೊಡ್ಡ ಕೆಂಪು, ಒಂದು ನಡುಗಾತ್ರದ ಹಳದಿ, ಒಂದು ತಮ್ಮ ಪುಟ್ಟ ನೀಲಿ, ನೋಡಿದರೆ ಎತ್ತಿಕೊಂಡು ಊರಿಗೆ ಹೊರಡೋಣ ಅನ್ನಿಸುವ ಸೂಟ್‌ಕೇಸಿನ ಹಾಗೆ. ಯಾವ ಯಾವ ಸಾಮಾನು ಒಟ್ಟಿಗೆ ಹಾಕುತ್ತೀರೋ ಅವುಗಳ ವ್ಯಾಟ್ ಕೂಡಿಸಿ, ಎ.ಸಿ. ಶುರುವಾಗುವಾಗ ಮಾಮೂಲಿಗಿಂತ ದುಪ್ಪಟ್ಟು ಎಳೆಯುತ್ತದೆ ಎನ್ನುವುದನ್ನು ಮರೆಯಬೇಡಿ, ಆಮೇಲೆ ಸ್ವಲ್ಪ ಹೆಚ್ಚಿನದನ್ನೇ ತೆಗೆದುಕೊಳ್ಳಿ ಎಂದು ಅವರು ಒಂದೊಂದೇ ಬಿಡಿಸಿ ಹೇಳಿದರು. ನನ್ನ ಹೆಂಡತಿ ಎಲ್ಲವನ್ನೂ ಬರೆದುಕೊಂಡಳು. ನಾನು ಡೆಸಿಬೆಲ್ ಎಷ್ಟು ಎಂದು ಕೇಳಿದೆ. ಅವರು ಇನ್ನೊಮ್ಮೆ ವ್ಯಾಟ್ ವಿವರಿಸಿದರು, ನಾನು ಇನ್ನೊಮ್ಮೆ ಡೆಸಿಬೆಲ್ ಕೇಳಿದೆ.

ತಮ್ಮ ಸಹಾಯವಾಣಿಯನ್ನೂ ವಿಚಾರಿಸಿದ್ದುಂಟು. ತಮ್ಮಲ್ಲಿ ಫೋನ್ ಎತ್ತುವ ಮೊದಲು ನಲವತ್ತು ನಿಮಿಷ ಒಂದೇ ವಾದ್ಯಸಂಗೀತ ಕೇಳಿಸುವ ಏರ್ಪಾಡಿದೆಯಲ್ಲ, ಅಂಥ ಕೆಲಸಗಳಿಗೆ ನಮ್ಮ ಮನೆಯಲ್ಲಿ ಮಾವನನ್ನೇ ಕೂರಿಸುವುದು. ಫೋನನ್ನು ಅಂಗೈ ಮೇಲೆ ಇಟ್ಟುಕೊಂಡು ಪೇಪರ್ ಓದುತ್ತಿರುತ್ತಾರೆ, ಅಂಗೈಗೆ ಸಂಗೀತದ ಅದುರು ನಿಂತ ತಕ್ಷಣ ನಮ್ಮನ್ನು ಕರೆಯುತ್ತಾರೆ. ಹಾಗೆ ಕರೆದಾಗ ನಾನು ಓಡಿ ಹೋಗಿ, ತಮ್ಮ ನೀಲಿ ಯಂತ್ರ ನಮ್ಮ ಎ.ಸಿ.ಯನ್ನು ಎಳೆಯುತ್ತದೆಯೇ ಎಂದು ಕೇಳಿದೆ. ಅದು ಬಳಕೆಯನ್ನು ಅವಲಂಬಿಸಿರುತ್ತದೆ ಎಂದು ಹೇಳಿ ಅವರು ಫೋನ್ ಇಟ್ಟರು. ಇಷ್ಟು ಸತ್ಯವಾದ ಮಾತನ್ನು ಇಷ್ಟು ಬೇಗ ಹೇಳಿ ಮುಗಿಸಿದ್ದಕ್ಕೆ ಅವರಿಗೆ ಬಡ್ತಿ ಸಿಗಲಿ.

ಕೊನೆಗೆ ನಾನು ನನಗೆ ಗೊತ್ತಿರುವ ಒಂದೇ ವಿದ್ಯೆಗೆ ಮೊರೆಹೋದೆ. ಭಾನುವಾರ ಬೆಳಿಗ್ಗೆ ಹೆಂಡತಿ, ಅತ್ತೆ, ಮಾವ ಮೂವರನ್ನೂ ಅಂಗಡಿಯ ಹಿತ್ತಲಿಗೆ ಕರೆದೊಯ್ದು, ಟೇಪು ಹಿಡಿದು ಏಳು ಮೀಟರ್ ಅಳೆದು, ಅವರನ್ನು ಸಾಲಾಗಿ ನಿಲ್ಲಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ಜನರೇಟರ್ ಸದ್ದು ಕೇಳಿಸಿದ ಕೂಡಲೇ ಕೈ ಎತ್ತಬೇಕು ಎಂದು ಹೇಳಿದೆ. ಟೊಮೆಟೊ ಗಿಡಗಳಿಗೆ ನೀರು ಹಾಕುತ್ತಿದ್ದ ಯಜಮಾನರ ತಾಯಿ ನೀರನ್ನು ತಮ್ಮ ಕಾಲ ಮೇಲೇ ಬಿಟ್ಟುಕೊಂಡು ನೋಡುತ್ತ ನಿಂತರು. ಕೆಂಪು ಯಂತ್ರಕ್ಕೆ ಮೂರೂ ಕೈ ಮೇಲೆದ್ದವು. ಹಳದಿಗೂ ಎದ್ದವು. ತಮ್ಮ ನೀಲಿಗೆ ಹೆಂಡತಿ ಸ್ವಲ್ಪ ತಡೆದು ಎತ್ತಿದಳು, ಅತ್ತೆ ಎತ್ತಲೇ ಇಲ್ಲ, ಅವರಿಗೆ ನಿಂತಲ್ಲೇ ತೂಕಡಿಕೆ ಹತ್ತಿತ್ತು. ಎಲ್ಲರಿಗಿಂತ ಮೊದಲು, ಮೂರು ಸಲವೂ, ನಾನು ಗುಂಡಿ ಒತ್ತಿದ ಮರುಕ್ಷಣವೇ ಕೈ ಎತ್ತಿದವರು ಮಾವ.

ಅವರು ತಗಡಿನ ಶೆಡ್ಡಿನ ಗೋಡೆಗೆ ಇನ್ನೊಂದು ಅಂಗೈ ಊರಿ ನಿಂತಿದ್ದರು ಎನ್ನುವುದು ನನಗೆ ಆಮೇಲೆ ಕಾಣಿಸಿತು. ಅಷ್ಟರಲ್ಲಿ ಯಜಮಾನರ ತಾಯಿ, ಈ ಮನೆಯವರಲ್ಲಿ ಕಿವಿ ಚುರುಕಾಗಿರುವುದು ಇವರೊಬ್ಬರಿಗೇ ಎಂದು ಅವರ ಎದುರು ನಿಂತು ಘಂಟಾಘೋಷವಾಗಿ ಸಾರಿಬಿಟ್ಟಿದ್ದರು, ಅದು ಮಾವನಿಗೆ ಕೇಳಿಸಿಯೂ ಬಿಟ್ಟಿತ್ತು. ಮೂರು ದಿನ, ನಾವು ಮಷೀನಿನ ಮಾತೆತ್ತಿದರೆ ಅವರು ಹುಬ್ಬು ಹಾರಿಸುತ್ತಿದ್ದರು. ಪ್ರವಾಸವೇ ರದ್ದಾಗುವ ಹಂತಕ್ಕೆ ಬಂದು ಹೇಗೋ ಪಾರಾಯಿತು.

ಇಲ್ಲಿ ಒಂದು ವಿಷಯವನ್ನು ಮುಚ್ಚಿಡದೆ ಒಪ್ಪಿಕೊಳ್ಳುತ್ತೇನೆ. ಹಿತ್ತಲಿನಿಂದ ಹೊರಡುವ ಮೊದಲು ಮಾವ ಮೂರೂ ಯಂತ್ರಗಳ ಬೆನ್ನ ಮೇಲೆ ಅಂಗೈ ಇಟ್ಟು ನೋಡಿ, ಕೆಂಪನ್ನು ತೋರಿಸಿ, ಇದು ದಣಿಯುವುದಿಲ್ಲ, ಇದನ್ನು ತೆಗೆದುಕೋ ಎಂದರು. ನೀಲಿಯದು ಮಗುವಿನ ಹೆಗಲು, ಅದರ ಮೇಲೆ ಮೂಟೆ ಹೊರಿಸಬೇಡ ಎಂದರು. ಎಂಜಿನ್‌ಗಳ ಜೊತೆ ಮೂವತ್ತೈದು ವರ್ಷ ಕಳೆದ ಮನುಷ್ಯ ಅಷ್ಟು ಸ್ಪಷ್ಟವಾಗಿ ಹೇಳಿದರೂ ನಾನು ಮುಗುಳ್ನಕ್ಕು ತಲೆಯಾಡಿಸಿದೆ, ಅವರು ನಮ್ಮ ಮಾತಿಗೆ ಆಡಿಸುತ್ತಾರಲ್ಲ ಹಾಗೆ. ಕಿವಿ ಕೇಳದವರಿಗೆ ಸದ್ದಿನ ವಿಷಯ ಏನು ಗೊತ್ತು ಎನ್ನುವುದು ನನ್ನ ಮನಸ್ಸಿನಲ್ಲಿತ್ತು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ತಮ್ಮ ನೀಲಿ ಯಂತ್ರವನ್ನು ಮನೆಗೆ ತಂದೆ. ಅದು ನಮ್ಮ ಎ.ಸಿ.ಯನ್ನು, ಬೇರೇನೂ ಹಾಕದಿದ್ದರೆ, ತಿಣುಕಿ ತಿಣುಕಿ ಎಳೆಯಿತು. ನನ್ನ ಹೆಂಡತಿ ಟ್ರೇಲರ್‌ನ ಸ್ವಿಚ್ಚಿನ ಮೇಲೆ "ಎ.ಸಿ. ಇದ್ದಾಗ ಕೆಟಲ್ ಹಾಕಬಾರದು. ನಿಮಗೇ ಹೇಳಿದ್ದು" ಎಂದು ಚೀಟಿ ಅಂಟಿಸಿದಳು. ಅದು ಯಾರನ್ನು ಕುರಿತದ್ದೆಂದು ಯಾರೂ ಕೇಳಲಿಲ್ಲ.

ಕೆರೆಯ ದಡದ ಶಿಬಿರತಾಣದಲ್ಲಿ ಜನರೇಟರನ್ನು ಬೆಳಿಗ್ಗೆ ಎಂಟಕ್ಕೆ ಮೊದಲು ಹಾಕುವಂತಿಲ್ಲ ಎಂಬ ನಿಯಮವಿದೆ. ನಾನು ಅದನ್ನು ವರವೆಂದೇ ಎಣಿಸಿ, ಆರು ಗಂಟೆಗೆ, ಹಕ್ಕಿಗಳು ಕೂಗುವ ಹೊತ್ತಿಗೆ, ನೀರಿನ ಅಂಚಿನಲ್ಲಿ ಕುರ್ಚಿ ಹಾಕಿ, ಮಾವನ ಕಿವಿಗೆ ಮಷೀನು ಹಾಕುವುದೆಂದು ಮುಹೂರ್ತ ಇಟ್ಟಿದ್ದೆ. ಆರು ಗಂಟೆಗೆ ಮಾವ ಹಲ್ಲುಜ್ಜಿ ಬರುತ್ತೇನೆ ಎಂದರು. ಆರೂವರೆಗೆ ಮಂಡಿಗೆ ಮುಲಾಮು ಹಚ್ಚಿಕೊಂಡರು. ಏಳಕ್ಕೆ ಟ್ರೇಲರ್‌ನ ನಾಲ್ಕೂ ಚಕ್ರಗಳ ಗಾಳಿ ನೋಡಿದರು, ಏಳೂ ಕಾಲಿಗೆ ಕಾರಿನದನ್ನೂ ನೋಡಿದರು. ಎಪ್ಪತ್ತೊಂದು ವರ್ಷದ ಆ ಮನುಷ್ಯ ಹೆದರಿದ್ದರು, ಮಾನ್ಯರೇ. ಅದು ಅರ್ಥವಾದ ಮೇಲೆ ಅವಸರ ಮಾಡಲು ನನಗೂ ಮನಸ್ಸು ಬರಲಿಲ್ಲ. ಎಂಟು ಗಂಟೆಗೆ ಬಿಸಿಲು ಡಬ್ಬಿಯ ನೆತ್ತಿಗೆ ಬಿತ್ತು, ಅತ್ತೆ ಎ.ಸಿ. ಎಂದರು, ನಾನು ಏಳು ಮೀಟರ್ ಅಳೆದು ತಮ್ಮ ಯಂತ್ರವನ್ನಿಟ್ಟು ಚಾಲೂ ಮಾಡಿದೆ. ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆಗ ಮಾವ ಕುರ್ಚಿಯಲ್ಲಿ ಕೂತು, ಸರಿ, ಹಾಕು ಎಂದರು.

ಹಾಕಿದೆ. ಅವರು ಕಣ್ಣು ಕಿರಿದು ಮಾಡಿಕೊಂಡು ಕೂತರು. ಯಂತ್ರ ಗುಂಯ್ ಎನ್ನುತ್ತಿತ್ತು, ಅಷ್ಟೇನೂ ಗಟ್ಟಿಯಾಗಿಲ್ಲ, ಆ ಮಟ್ಟಿಗೆ ತಮ್ಮ ಮಾತು ನಿಜ. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು, ಮಷೀನು ಕಿವಿಯಲ್ಲೇ ಇತ್ತು. ನನಗೆ ಆದ ಸಂತೋಷಕ್ಕೆ ಏನಾದರೂ ಮಾಡಬೇಕೆನ್ನಿಸಿತು. ಮಾವನಿಗೆ ಬಿಸಿ ಬಿಸಿ ಕಾಫಿ ಮಾಡಿಕೊಡೋಣ ಎಂದುಕೊಂಡು ಒಳಗೆ ಹೋದವನು, ಆ ಚೀಟಿಯನ್ನು ಪೂರ್ತಿ ಓದಿ, ಕೆಟಲ್ ಹಾಕಿದೆ. ಇದಕ್ಕೆ ನನ್ನಲ್ಲಿ ವಿವರಣೆಯಿಲ್ಲ. ನನ್ನ ಹೆಂಡತಿಯಲ್ಲಿದೆ, ಆದರೆ ಅದನ್ನು ಬಹಿರಂಗ ಪತ್ರದಲ್ಲಿ ಬರೆಯುವ ಹಾಗಿಲ್ಲ.

ತಮ್ಮ ಪಿಸುಮಾತು ಆಗ ಬಾಯಿಬಿಟ್ಟಿತು. ಪಕ್ಕದ ಟ್ರೇಲರ್‌ನವರು ಹೊರಗೆ ಬಂದು ಆಕಾಶ ನೋಡಿದರು. ದಡದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದು ಆಚೆ ದಡಕ್ಕೆ ಹೋದವು. ನಾನು ಕೆಟಲ್ ಕಿತ್ತು ಹೊರಗೆ ಓಡಿ ಬರುವಷ್ಟರಲ್ಲಿ ಯಂತ್ರದಲ್ಲಿ ಹೊರೆ ಮೀರಿತೆಂಬ ಕೆಂಪು ದೀಪ ಹತ್ತಿ ಕರೆಂಟೇನೋ ನಿಂತಿತ್ತು, ಎಂಜಿನ್ ಮಾತ್ರ ಇನ್ನೂ ಗೊರಗೊರ ಎನ್ನುತ್ತಲೇ ಇತ್ತು, ಮಾವನ ಬಲಗೈ ಮೇಲೆದ್ದು ಕಿವಿಯ ಹತ್ತಿರ ಹೋಗಿತ್ತು. ನಾಲ್ಕು ವರ್ಷ ಕಾದದ್ದು, ಅಂಗಡಿ ಹಿತ್ತಲು, ಟೇಪು, ಎಲ್ಲ ಮುಗಿಯಿತು ಎಂದುಕೊಂಡು ಕೆಟಲ್ ಹಿಡಿದು ನಿಂತೆ.

ಅವರು ಕೀಳಲಿಲ್ಲ. ಕಿವಿಯ ಹಿಂದೆ ಬೆರಳಿಟ್ಟು ಮಷೀನನ್ನು ಇನ್ನಷ್ಟು ಒಳಗೆ ಒತ್ತಿಕೊಂಡರು. ಎದ್ದು ತಮ್ಮ ಯಂತ್ರದ ಹತ್ತಿರ ಹೋಗಿ, ಮಂಡಿ ನೋವನ್ನೂ ಲೆಕ್ಕಿಸದೆ ಕುಕ್ಕರಗಾಲಲ್ಲಿ ಕೂತು, ಅದರ ಬೆನ್ನ ಮೇಲೆ ಅಂಗೈ ಇಟ್ಟರು. ಎಷ್ಟೋ ವರ್ಷದ ಮೇಲೆ ಒಂದು ಎಂಜಿನ್ನಿನ ಸದ್ದು ಅವರ ಕಿವಿಗೂ ಅಂಗೈಗೂ ಒಟ್ಟಿಗೆ ಸಿಕ್ಕಿತ್ತು. ಅವರ ಮುಖ ನೋಡಿದ್ದರೆ ತಾವು ಪೆಟ್ಟಿಗೆಯ ಮೇಲೆ ಬೇರೆ ಏನನ್ನಾದರೂ ಬರೆಯುತ್ತಿದ್ದಿರಿ.

"ಪಾಪ, ಏದುಸಿರು ಬಿಡ್ತಿದೆ. ಕೆಂಪಂದು ತಗೋ ಅಂದಿದ್ದೆ ನಾನು" ಎಂದು ಹೇಳಿ, ತಿರುಪು ತಿರುಗಿಸಿ ಅದನ್ನು ಆರಿಸಿದರು.

ಕೆರೆಯ ಮೇಲೆ ಒಂದೇ ಸಲಕ್ಕೆ ನಿಶ್ಶಬ್ದವಾಯಿತು. ಎ.ಸಿ. ನಿಂತ ಡಬ್ಬಿಯಿಂದ ಅತ್ತೆ ಹೊರಗೆ ಬಂದರು. ತಮ್ಮ ಕೈಪಿಡಿಯಿಂದಲೇ ಗಾಳಿ ಬೀಸಿಕೊಳ್ಳುತ್ತ, ಮಾವ ವಾಪಸು ಬಂದು ಕೂತ ಕುರ್ಚಿಯ ಪಕ್ಕದ ಕುರ್ಚಿಯಲ್ಲಿ ಕೂತರು. ನಮ್ಮ ಅತ್ತೆಗೆ ಒಂದು ರೂಢಿಯಿದೆ: ಯಾವ ಮಾತನ್ನೇ ಆಗಲಿ ಮೊದಲು ಮಾವನಿಗೆ ಕೇಳುವಂತೆ ಗಟ್ಟಿಯಾಗಿ ಹೇಳುತ್ತಾರೆ, ಆಮೇಲೆ ಅದರ ಬಾಲದಂತೆ ಇನ್ನೊಂದನ್ನು ಮೆಲ್ಲಗೆ, ತಮಗಾಗಿ ಹೇಳಿಕೊಳ್ಳುತ್ತಾರೆ. ಹನ್ನೆರಡು ವರ್ಷಗಳಿಂದ ಈ ಎರಡನೆಯ ಮಾತು ಮಾವನ ಎದುರಿಗೇ ನಡೆಯುತ್ತ ಬಂದಿದೆ. ಮನೆಯಲ್ಲಿ ನಮಗೆಲ್ಲ ಅದು ಅಭ್ಯಾಸವಾಗಿಬಿಟ್ಟಿದೆ, ಕೇಳಿಸಿದರೂ ಕೇಳಿಸದವರ ಹಾಗೆ ಇರುತ್ತೇವೆ.

ಆವತ್ತೂ ಅವರು ಸೆಕೆ, ಸೆಕೆ ಎಂದು ಗಟ್ಟಿಯಾಗಿ ಹೇಳಿದರು. ಆಮೇಲೆ ನೀರಿನ ಕಡೆ ನೋಡುತ್ತ, ಎಂದಿನ ಮೆಲುದನಿಯಲ್ಲಿ, "ಈ ಮನುಷ್ಯನ ಜೊತೆ ನೆಮ್ಮದಿಯಾಗಿ ಕೂತು ಒಂದು ಜಗಳ ಆಡಿ ಎಷ್ಟು ವರ್ಷ ಆಯ್ತೋ" ಎಂದರು.

ಮಾವ ತಿರುಗಿ ನೋಡಲಿಲ್ಲ. ಅವರೂ ನೀರನ್ನೇ ನೋಡುತ್ತಿದ್ದರು.

"ಆಡು," ಎಂದರು. "ಕೇಳಿಸ್ತಿದೆ."

ಅತ್ತೆಯ ಕೈಯಲ್ಲಿ ತಮ್ಮ ಕೈಪಿಡಿ ನಿಂತೇಹೋಯಿತು. ನನ್ನ ಹೆಂಡತಿ ಟ್ರೇಲರ್‌ನ ಮೆಟ್ಟಿಲ ಮೇಲೆ ಕೂತು ಮುಖಕ್ಕೆ ಸೆರಗು ಒತ್ತಿಕೊಂಡಳು. ನಾನು ಕೆಟಲ್ ಹಿಡಿದವನು ಹಿಡಿದ ಹಾಗೇ ನಿಂತಿದ್ದೆ, ನನಗೂ ಕಣ್ಣು ತುಂಬಿ ಬಂತು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆಮೇಲೆ ಅವರು ಆಡಿದರು, ಮಾನ್ಯರೇ. ಹನ್ನೆರಡು ವರ್ಷದ ಬಾಕಿಯನ್ನು ಕೆರೆಯ ದಡದಲ್ಲಿ ಕೂತು, ಊಟಕ್ಕೆ ಮಾತ್ರ ವಿರಾಮ ಕೊಟ್ಟು, ಸಂಜೆಯವರೆಗೆ ಆಡಿದರು. ಅಡುಗೆಮನೆಗೆ ಹೊಡೆಸಿದ ಬಣ್ಣದ ವಿಷಯ ಬಂತು, ಯಾವುದೋ ಮದುವೆಗೆ ಹೋಗದೆ ಉಳಿದದ್ದು ಬಂತು, ಮಾವ ತಲೆಯಾಡಿಸಿ ಒಪ್ಪಿಕೊಂಡಿದ್ದ, ಆದರೆ ಕೇಳಿಸಿಕೊಂಡೇ ಇರದಿದ್ದ ನೂರೆಂಟು ವಿಷಯಗಳು ಒಂದೊಂದಾಗಿ ಹೊರಗೆ ಬಂದವು. ಇಬ್ಬರೂ ದನಿ ಏರಿಸಲಿಲ್ಲ. ಏರಿಸುವ ಅಗತ್ಯವೇ ಬೀಳಲಿಲ್ಲ. ಎ.ಸಿ.ಯ ನೆನಪು ಅತ್ತೆಗೆ ಒಮ್ಮೆಯೂ ಆಗಲಿಲ್ಲ.

ಇನ್ನು ನನ್ನ ಬೇಡಿಕೆಗಳು. ತಮ್ಮ ಯಂತ್ರ ಅದುವರೆಗೆ ಮಾಡಿದ ಕೆಲಸಗಳಲ್ಲೆಲ್ಲ ಅತ್ಯುತ್ತಮವಾದದ್ದು ಕೈಕೊಟ್ಟದ್ದೇ ಆದ್ದರಿಂದ, ಮುಂದಿನ ಮಾದರಿಯಲ್ಲಿ ಈ ಗುಣವನ್ನು ಕೆಟಲಿನ ನೆರವಿಲ್ಲದೆಯೇ ದೊರೆಯುವಂತೆ ಮಾಡಬೇಕು: ಮನೆಯವರು ಒಬ್ಬರಿಗೊಬ್ಬರು ಏನನ್ನೋ ಹೇಳಬೇಕೆಂದಿರುವಾಗ ಯಂತ್ರ ಅದನ್ನು ತಾನಾಗಿ ಅರಿತು ಆರಿಹೋಗಬೇಕು. ಪೆಟ್ಟಿಗೆಯ ಮೇಲೆ, ಏಳು ಮೀಟರಿನಿಂದ ಓದಲು ಬರುವ ಅಕ್ಷರಗಳಲ್ಲಿ, "ಮೊದಲು ವ್ಯಾಟ್ ಕೂಡಿಸಿ, ಆಮೇಲೆ ಮನೆಯಲ್ಲಿರುವ ಮೆಕ್ಯಾನಿಕ್ಕನ ಮಾತು ಕೇಳಿ, ಕೊನೆಗೆ ಬೇಕಾದರೆ ನಮ್ಮ ಮಾತು ನಂಬಿ" ಎಂದು ಅಚ್ಚು ಹಾಕಿಸಬೇಕು. ಆಚೆ ದಡಕ್ಕೆ ಹೋದ ಹಕ್ಕಿಗಳಿಗೆ ತಮ್ಮ ಸಂಸ್ಥೆಯ ಪರವಾಗಿ ಯಾರಾದರೂ ಖುದ್ದಾಗಿ ಹೋಗಿ ವಿಷಾದ ತಿಳಿಸಬೇಕು, ಶಿಬಿರತಾಣದ ಮೇಲ್ವಿಚಾರಕಿಯವರು ದಾರಿ ತೋರಿಸುವುದಾಗಿ ಒಪ್ಪಿದ್ದಾರೆ.

ನೀಲಿ ಯಂತ್ರವನ್ನು ಹಿಂದಿರುಗಿಸುವುದಿಲ್ಲ. ಮಾವ ಅದಕ್ಕೊಂದು ಹಗುರವಾದ ಕೆಲಸ ಗೊತ್ತುಮಾಡಿದ್ದಾರೆ: ಇನ್ನು ಮುಂದೆ ಅದು ಕಿವಿ ಮಷೀನಿನ ಚಾರ್ಜಿಂಗ್ ಡಬ್ಬಿ ಮತ್ತು ಎರಡು ದೀಪಗಳನ್ನು ಮಾತ್ರ ಹೊರುತ್ತದೆ. ಅದರ ಹೆಗಲಿಗೆ ಅಷ್ಟು ಸಾಕಂತೆ. ಎ.ಸಿ.ಗಾಗಿ ಮುಂದಿನ ವಾರ ಕೆಂಪನ್ನು ತರಲು ಹೊರಟಿದ್ದೇವೆ, ಆಯ್ಕೆ ಮಾಡುವವರು ಮಾವನವರೇ, ಟೇಪನ್ನು ನನ್ನ ಹೆಂಡತಿ ಬಚ್ಚಿಟ್ಟಿದ್ದಾಳೆ.

ಇಂತು, ಏಳು ಮೀಟರ್ ದೂರದಲ್ಲಿ, ಕಾಲು ಭಾಗ ಹೊರೆಯಲ್ಲಿ ಮಾತ್ರ,
ತಮ್ಮ ವಿಶ್ವಾಸಿ,
ಎರಡನೆಯ ಮಹಡಿಯ ಕಿವಿ ಪರೀಕ್ಷಕ

ತಾ.ಕ.: ತಮ್ಮ ಸಹಾಯವಾಣಿಗೆ ಮೊನ್ನೆ ಮತ್ತೆ ಫೋನ್ ಮಾಡಿ ಎಂದಿನಂತೆ ಮಾವನ ಕೈಗೆ ಕೊಟ್ಟೆವು. ಈ ಸಲ ಅವರಿಗೆ ಆ ಸಂಗೀತ ಪೂರ್ತಿ ಕೇಳಿಸಿತು. ಇಷ್ಟು ವರ್ಷ ನನ್ನ ಕೈಯಲ್ಲಿ ಇದನ್ನೇ ಹಿಡಿಸುತ್ತಿದ್ದಿರಾ ಎಂದು ಅವರು ನಮ್ಮನ್ನು ಕೇಳಿದ ರೀತಿಗೆ ಪರಿಹಾರ ಕೊಡಬೇಕಾದವರು ತಾವು.

ಮತ್ತೂ ಒಂದು: ಅತ್ತೆಯವರು ಈಗ ಆ ಎರಡನೆಯ ಮಾತನ್ನು ಆಡಲು ಜಾಗ ಸಿಗದೆ, ಹಿತ್ತಲಲ್ಲಿ ತಮ್ಮ ನೀಲಿ ಯಂತ್ರವನ್ನು ಹಾಕಿಕೊಂಡು ಅದರ ಪಕ್ಕ ನಿಂತು ಆಡುತ್ತಾರೆ. ಆದರೂ ಒಳಗಿನಿಂದ ಮಾವ ಉತ್ತರ ಕೊಡುತ್ತಾರೆ. ಇದಕ್ಕಿಂತ ಗಟ್ಟಿಯಾಗಿ ಕೂಗುವ ಮಾದರಿ ತಮ್ಮಲ್ಲಿ ಇದೆಯೇ ಎಂದು ಅತ್ತೆ ವಿಚಾರಿಸಲು ಹೇಳಿದ್ದಾರೆ. ದಯವಿಟ್ಟು ಉತ್ತರವನ್ನು ಮಾವನ ಕೈಗೆ ಸಿಗದಂತೆ ಕಳಿಸುವುದು.